ಗೋಡೆ ಬಿಟ್ಟು ಬಾರದ ಕಲೆ

2015ರ ಆಗಸ್ಟ್ 31ರಂದು ಟೋಕಿಯೊದ ತೊರಾನೊಮೊನ್ ಪ್ರದೇಶದ ಹೋಟೆಲ್ ಒಕುರಾ ತನ್ನ ಮುಖ್ಯ ಕಟ್ಟಡದ ಬಾಗಿಲು ಹಾಕಿತು. ಹೋಟೆಲೊಂದು ಮುಚ್ಚುವುದು ದೊಡ್ಡ ಸುದ್ದಿಯೇನಲ್ಲ. ಆದರೆ ಈ ಹೋಟೆಲಿನ ಲಾಬಿಯನ್ನು ಕೆಡವಬೇಡಿ ಎಂದು ಎಷ್ಟೋ ದೇಶಗಳ ವಾಸ್ತುಶಿಲ್ಪಿಗಳು, ವಿನ್ಯಾಸಕಾರರು, ಪತ್ರಕರ್ತರು ವರ್ಷದಿಂದ ಮೊರೆಯಿಡುತ್ತಿದ್ದರು. ಲಂಡನ್ನಿನ ಮೊನೊಕಲ್ ಪತ್ರಿಕೆ ಸಹಿ ಸಂಗ್ರಹಿಸಿತು. ಇಟಲಿಯ ಫ್ಯಾಷನ್ ಸಂಸ್ಥೆ ಬೊಟೆಗಾ ವೆನೆಟಾದ ಅಂದಿನ ವಿನ್ಯಾಸ ಮುಖ್ಯಸ್ಥ ಟೊಮಾಸ್ ಮೈಯರ್ ತಮ್ಮದೇ ಒಂದು ಅಭಿಯಾನ ನಡೆಸಿದರು. ಗದ್ದಲ ಹೆಚ್ಚಾಗಿ ಹೊರದೇಶದವರದು. ಜಪಾನಿನ ಒಳಗೆ ಅಷ್ಟು ಸದ್ದಿರಲಿಲ್ಲ. ಕಟ್ಟಡ ನೆಲಸಮವಾಯಿತು. ನಾಲ್ಕು ವರ್ಷದ ಮೇಲೆ, 2019ರ ಸೆಪ್ಟೆಂಬರ್ 12ರಂದು, ಅದೇ ನೆಲದಲ್ಲಿ 41 ಮಹಡಿಯ ಒಂದು, 17 ಮಹಡಿಯ ಇನ್ನೊಂದು ಕಟ್ಟಡ ಎದ್ದು, 508 ಕೋಣೆಗಳ ಹೊಸ ಒಕುರಾ ತೆರೆಯಿತು. ಅದರೊಳಗೆ ಹಳೆಯ ಲಾಬಿಯನ್ನು ಮತ್ತೆ ಕಟ್ಟಿಟ್ಟಿದ್ದರು.

ಹೋದದ್ದು ವಾಪಸ್ಸು ಬಂತಲ್ಲ, ಇನ್ನೇನು ಗೊಣಗಾಟ ಎನ್ನುವುದು ಸುಲಭ. ಮರುಸೃಷ್ಟಿ ಚೆನ್ನಾಗಿಯೇ ಆಗಿದೆ ಎಂದು ಕಂಡವರು ಹೇಳುತ್ತಾರೆ. ಆ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ನನ್ನ ತಕರಾರು ಇರುವುದು ಬೇರೆ ಕಡೆ. ಒಂದು ಐಷಾರಾಮಿ ಹೋಟೆಲಿನ ಒಳಾಂಗಣವನ್ನು ಕಲಾವಿದರಿಂದ ಮಾಡಿಸಿದ ಮೇಲೆ, ಅದನ್ನು ಕಳಚುವ ಹೊತ್ತು ಬಂದಾಗ ಏನು ಉಳಿಯಬೇಕು, ಏನು ಹೋಗಬಹುದು ಎಂದು ತೀರ್ಮಾನಿಸುವವರು ಯಾರು? ಇವತ್ತಿನ ಮಟ್ಟಿಗೆ ಆ ತೀರ್ಮಾನವನ್ನು ಮಾರುಕಟ್ಟೆ ಅರ್ಧ, ಕಾನೂನು ಅರ್ಧ ಮಾಡುತ್ತಿವೆ. ಎರಡೂ ಸೇರಿದರೂ ಪೂರ್ತಿಯಾಗುವುದಿಲ್ಲ.

ಮೊದಲು ಆ ಲಾಬಿ ಏನಾಗಿತ್ತು ಎಂಬುದನ್ನು ಸ್ವಲ್ಪ ನೋಡಬೇಕು. ಹೋಟೆಲ್ ಕಟ್ಟಿಸಿದವರು ಬ್ಯಾರನ್ ಕಿಶಿಚಿರೊ ಒಕುರಾ. ಟೋಕಿಯೊದ ಪ್ರಸಿದ್ಧ ಇಂಪೀರಿಯಲ್ ಹೋಟೆಲಿನ ಚುಕ್ಕಾಣಿ ಹಿಡಿದಿದ್ದ ಮನುಷ್ಯ. ಯುದ್ಧ ಸೋತ ಮೇಲೆ ದೊಡ್ಡ ಉದ್ಯಮ ಮನೆತನಗಳನ್ನು ಒಡೆದು ಹಾಕಿದಾಗ ಆ ಹೋಟೆಲ್ ಅವರ ಕೈಬಿಟ್ಟಿತು. ಇಳಿವಯಸ್ಸಿನಲ್ಲಿ ಛಲಕ್ಕೆ ಬಿದ್ದು ತಮ್ಮ ಮನೆತನದ ಜಾಗದಲ್ಲೇ ಇನ್ನೊಂದನ್ನು ಕಟ್ಟಿಸಿದರು. 1962ರ ಮೇನಲ್ಲಿ ಅದು ತೆರೆದಾಗ ಒಲಿಂಪಿಕ್ಸ್‌ಗೆ ಇನ್ನು ಎರಡೇ ವರ್ಷ ಉಳಿದಿತ್ತು, ಬಾಂಬಿಗೆ ಬೂದಿಯಾಗಿದ್ದ ನಗರ ಹೊರಗಿನವರಿಗೆ ಮುಖ ತೋರಿಸಲು ಸಜ್ಜಾಗುತ್ತಿತ್ತು. ಆಗ ಪಶ್ಚಿಮದ ಗಾಜು-ಉಕ್ಕಿನ ನಕಲು ಮಾಡುವುದು ಸಲೀಸು. ಒಕುರಾ ಅದನ್ನು ಬಿಟ್ಟು, ಲಾಬಿಯ ಕೆಲಸವನ್ನು ಯೊಶಿರೊ ತಾನಿಗುಚಿ ಎಂಬ ವಾಸ್ತುಶಿಲ್ಪಿಗೆ ಒಪ್ಪಿಸಿದರು.

ತಾನಿಗುಚಿ ಚಿನ್ನದ ಲೇಪ, ಅಮೃತಶಿಲೆಯ ಕಂಬ ಯಾವುದಕ್ಕೂ ಕೈಹಾಕಲಿಲ್ಲ. ಚಾವಣಿಯಿಂದ ಇಳಿಬಿಟ್ಟ ದೀಪಗಳಿಗೆ ಜಪಾನಿನ ಪುರಾತನ ಸಮಾಧಿದಿಬ್ಬಗಳಲ್ಲಿ ಸಿಗುವ, ಮುಖ ಮುಖವಾಗಿ ಕಡಿದ ಮಣಿಗಳ ಆಕಾರ ಕೊಟ್ಟರು. ಒಂದರ ಕೆಳಗೊಂದು ಪೋಣಿಸಿದ ಸರದಂತೆ ಅವು ತೂಗುತ್ತಿದ್ದವು. ಕಿಟಕಿಗಳಿಗೆ ಕಾಗದದ ಪರದೆ, ಅದರ ಹಿಂದೆ ಬಿದಿರು. ಬಿಸಿಲು ನೇರ ಒಳಗೆ ನುಗ್ಗುವುದಿಲ್ಲ, ಬಿದಿರಿನ ನೆರಳು ಮಾತ್ರ ಕಾಗದದ ಮೇಲೆ ಬಂದು ಕೂರುತ್ತದೆ. ಮರದ ಜಾಲಂಧ್ರದಲ್ಲಿ ಸೆಣಬಿನೆಲೆಯ ಹೆಣಿಗೆ. ಗೋಡೆಯ ಮೇಲೆ ನಾಲ್ಕು ಎಸಳಿನ ಹೂವಿನ ರೇಷ್ಮೆ ನೇಯ್ಗೆ. ಅದರ ವಿನ್ಯಾಸ ದೊಡ್ಡ ಕುಂಬಾರ ಕಲಾವಿದ ಕೆಂಕಿಚಿ ತೊಮಿಮೊತೊ ಅವರದು. ಜನ ಹೆಚ್ಚು ನೆನೆಯುವುದು ಕುರ್ಚಿಗಳನ್ನು. ಒಂದೊಂದು ದುಂಡು ಮೇಜಿನ ಸುತ್ತ ಐದೈದು ತಗ್ಗು ಕುರ್ಚಿ. ಕೆಳಗೆ ಕೂತವನಿಗೆ ಅದು ಬರೀ ಆಸನ. ಮೇಲಿನ ಅಟ್ಟಣಿಗೆಗೆ ಹೋಗಿ ಬಗ್ಗಿ ನೋಡಿದರೆ ನೆಲದ ಮೇಲೆ ಐದೆಸಳಿನ ಪ್ಲಮ್ ಹೂಗಳು ಅಲ್ಲಲ್ಲಿ ಉದುರಿದ ಹಾಗೆ. ಯಾರಾದರೂ ಕುರ್ಚಿಯನ್ನು ಎರಡಡಿ ಎಳೆದು ಕೂತರೆ ಹೂವು ಕೆಟ್ಟಿತು. ಎದ್ದುಹೋದ ಮೇಲೆ ಸಿಬ್ಬಂದಿ ಸರಿಪಡಿಸಬೇಕು. ಹೀಗೆ ಗೃಹಪಾಲನೆಯವರ ಕೈಯೂ ಆ ವಿನ್ಯಾಸದ ಭಾಗವೇ ಆಗಿತ್ತು.

ಇದರಲ್ಲಿ ಯಾವುದು ಕಲಾಕೃತಿ? ದೀಪವೇ, ನೇಯ್ಗೆಯೇ, ಜಾಲಂಧ್ರವೇ? ಒಂದೊಂದನ್ನೂ ಬೇರೆ ಮಾಡಿ ಮ್ಯೂಸಿಯಮ್ಮಿನ ಗಾಜಿನ ಪೆಟ್ಟಿಗೆಯಲ್ಲಿಟ್ಟರೆ ಒಳ್ಳೆಯ ಕಸುಬಿನ ಮಾದರಿ ಎನಿಸಬಹುದು, ಅಷ್ಟೆ. ಕೃತಿ ಇದ್ದದ್ದು ಚಾವಣಿಯ ಎತ್ತರಕ್ಕೂ ಕುರ್ಚಿಯ ತಗ್ಗಿಗೂ ನಡುವಿನ ಅಳತೆಯಲ್ಲಿ, ಕಾಗದ ಸೋಸಿ ಬಿಡುವ ಮಬ್ಬು ಬೆಳಕಿನಲ್ಲಿ.

ಮಾಲೀಕರ ವಾದವನ್ನೂ ಕೇಳಬೇಕು. ಅವರನ್ನು ಖಳರನ್ನಾಗಿ ಮಾಡಿ ಬರೆಯುವ ಪರಂಪರೆ ಇದೆ, ಅದು ಸೋಮಾರಿತನ. ಜಪಾನ್ ಭೂಕಂಪದ ನಾಡು. ಕಟ್ಟಡಗಳು ಭೂಕಂಪ ತಡೆಯುವ ನಿಯಮ ಅಲ್ಲಿ 1981ರಲ್ಲಿ ಬಿಗಿಯಾಯಿತು. 1962ರ ಒಕುರಾ ಅದಕ್ಕಿಂತ ಹಿಂದಿನದು. 2011ರ ಮಹಾಕಂಪದ ನಂತರ, 2013ರಲ್ಲಿ, ಹಳೆಯ ದೊಡ್ಡ ಹೋಟೆಲುಗಳು, ಆಸ್ಪತ್ರೆಗಳು ತಮ್ಮ ಕಟ್ಟಡದ ತಾಳಿಕೆಯನ್ನು ಪರೀಕ್ಷಿಸಿಕೊಳ್ಳಲೇಬೇಕು, ಫಲಿತಾಂಶ ಬಹಿರಂಗವಾಗಬೇಕು ಎಂದು ಕಾನೂನು ತಿದ್ದುಪಡಿಯಾಯಿತು. ‘ಈ ಕಟ್ಟಡ ದೊಡ್ಡ ಕಂಪಕ್ಕೆ ಬೀಳಬಹುದು’ ಎಂಬ ಚೀಟಿ ಅಂಟಿಸಿಕೊಂಡು ಯಾವ ಹೋಟೆಲ್ ಅತಿಥಿಗಳನ್ನು ಕರೆದೀತು? ಅದೇ ವರ್ಷ 2020ರ ಒಲಿಂಪಿಕ್ಸ್ ಟೋಕಿಯೊಗೆ ಸಿಕ್ಕಿತು. ಅರ್ಧ ಶತಮಾನದ ಹಿಂದಿನ ಕೋಣೆಗಳು ಚಿಕ್ಕವು, ಬಚ್ಚಲು ಇನ್ನೂ ಚಿಕ್ಕವು, ಚಾವಣಿ ತಗ್ಗು. ಇವತ್ತಿನ ಐಷಾರಾಮಿ ದರಕ್ಕೆ ಅವು ಒಗ್ಗುವುದಿಲ್ಲ. ಇವೆಲ್ಲ ನಿಜವಾದ ಕಾರಣಗಳೇ.

ಆದರೆ ಇವೆಲ್ಲ ಕೋಣೆಗಳಿಗೆ ಸಂಬಂಧಿಸಿದ ಕಾರಣಗಳು. ಲಾಬಿ ಇರುವ ಕೆಳಭಾಗವನ್ನು ಬಲಪಡಿಸಿ ಉಳಿಸಿಕೊಂಡು, ಉಳಿದದ್ದನ್ನು ಹೊಸದಾಗಿ ಕಟ್ಟುವುದು ತಾಂತ್ರಿಕವಾಗಿ ಆಗದ ಮಾತಾಗಿರಲಿಲ್ಲ. ಹಳೆಯ ಕಟ್ಟಡದ ಬುಡಕ್ಕೆ ರಬ್ಬರ್ ಬೇರಿಂಗ್ ಕೊಟ್ಟು ಕಂಪನ ತಪ್ಪಿಸುವ ವಿದ್ಯೆಯಲ್ಲಿ ಜಪಾನೇ ಮುಂದು. ದುಬಾರಿಯಾಗುತ್ತಿತ್ತು, 41 ಮಹಡಿಯ ಗೋಪುರಕ್ಕೆ ಜಾಗ ಸಿಗುತ್ತಿರಲಿಲ್ಲ. ಹೊಸ ಗೋಪುರದಲ್ಲಿ ಹೋಟೆಲ್ ಮಾತ್ರವಲ್ಲ, ಬಾಡಿಗೆಗೆ ಕೊಡುವ ಕಚೇರಿಗಳೂ ಇವೆ. ಟೋಕಿಯೊದ ನಟ್ಟನಡುವೆ ಆಕಾಶದ ಕಡೆಗಿನ ಪ್ರತಿ ಮಹಡಿಗೂ ಬೆಲೆ ಇದೆ. ಲೆಕ್ಕದ ಕೊನೆಯ ಸಾಲು ಇದೇ ಆಗಿತ್ತು, ಇದನ್ನು ಹೇಳಿಕೊಳ್ಳುವುದರಲ್ಲಿ ನಾಚಿಕೆ ಯಾಕೆ?

ಈ ಕತೆಯ ಮಗ್ಗುಲಲ್ಲೇ ಇನ್ನೊಂದು ಕತೆ ಇದೆ. ಹೋಟೆಲಿನ ಆವರಣದಲ್ಲಿ ಒಕುರಾ ಮನೆತನದ ಕಲಾ ಸಂಗ್ರಹಾಲಯವಿದೆ. ಕಿಶಿಚಿರೊ ಅವರ ತಂದೆ 1917ರಲ್ಲಿ ಸ್ಥಾಪಿಸಿದ್ದು. 1923ರ ಭೂಕಂಪದಲ್ಲಿ ಸುಟ್ಟು, ಆಮೇಲೆ ಚೀನೀ ಶೈಲಿಯಲ್ಲಿ ಮತ್ತೆ ಕಟ್ಟಿದ್ದು. ಅದು ಸರ್ಕಾರದ ಪಾರಂಪರಿಕ ಕಟ್ಟಡಗಳ ನೋಂದಣಿಯಲ್ಲಿತ್ತು. ಹೊಸ ಯೋಜನೆಗೆ ಅದು ಸ್ವಲ್ಪ ಅಡ್ಡ ಬಂದಾಗ ಕೆಡವಲಿಲ್ಲ. ಇಡೀ ಕಟ್ಟಡವನ್ನು ಬುಡದಿಂದ ಎತ್ತಿ, ಕೆಲವು ಮೀಟರ್ ಸರಿಸಿ ಕೂರಿಸಿದರು. ಅದೇ ನಿವೇಶನ, ಅವರೇ ಮಾಲೀಕರ ಬಳಗ, ಅದೇ ಕಾಲ. ಒಂದನ್ನು ಹೂವಿನಂತೆ ಎತ್ತಿಟ್ಟರು, ಇನ್ನೊಂದನ್ನು ಪುಡಿ ಮಾಡಿದರು. ಆ ನೋಂದಣಿಗೆ ಕಟ್ಟಡಕ್ಕೆ ಸಾಮಾನ್ಯವಾಗಿ 50 ವರ್ಷ ತುಂಬಿರಬೇಕು. ಮುಚ್ಚುವಾಗ ಲಾಬಿಗೆ 53. ಆದರೆ ಮಾಲೀಕನಿಗೇ ಮನಸ್ಸಿಲ್ಲದ ಕಡೆ ನೋಂದಣಿಯ ಮಾತು ಏಳುವುದಿಲ್ಲ.

ತಾನಿಗುಚಿಯ ವಿಷಯದಲ್ಲಿ ವಿಧಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಮೆಯಿಜಿ ಕಾಲದ ಕಟ್ಟಡಗಳು ಒಂದೊಂದಾಗಿ ನೆಲಕ್ಕುರುಳುವುದನ್ನು ನೋಡಲಾರದೆ, ಅವನ್ನು ಬಿಚ್ಚಿ ತಂದು ಮತ್ತೆ ಜೋಡಿಸುವ ‘ಮೆಯಿಜಿ-ಮುರಾ’ ಎಂಬ ಬಯಲು ಸಂಗ್ರಹಾಲಯವನ್ನು ಹುಟ್ಟುಹಾಕಿದವರಲ್ಲಿ ಅವರೇ ಮೊದಲಿಗರು, ಅದರ ಮೊದಲ ನಿರ್ದೇಶಕರೂ ಹೌದು. 1965ರಲ್ಲಿ ಅದು ತೆರೆಯಿತು. ಅದಾಗಿ ಕೆಲವೇ ವರ್ಷಕ್ಕೆ ಇಂಪೀರಿಯಲ್ ಹೋಟೆಲಿನ ಸರದಿ ಬಂತು. ಅಮೆರಿಕದ ಫ್ರಾಂಕ್ ಲಾಯ್ಡ್ ರೈಟ್ ವಿನ್ಯಾಸ ಮಾಡಿದ, 1923ರ ಮಹಾಕಂಪದ ದಿನವೇ ಉದ್ಘಾಟನೆಗೆ ಸಜ್ಜಾಗಿ ನಿಂತಿದ್ದ, ಕಂಪಕ್ಕೆ ಬೀಳದೆ ಹೆಸರಾದ ಹೋಟೆಲ್. 1960ರ ದಶಕದ ಕೊನೆಗೆ ಅದನ್ನು ಕೆಡವಿದರು. ಅದರ ಪ್ರವೇಶದ ಹಜಾರ ಮಾತ್ರ ಮೆಯಿಜಿ-ಮುರಾ ಸೇರಿ ಇವತ್ತಿಗೂ ನಿಂತಿದೆ. ರೈಟ್‌ನ ಲಾಬಿಗೆ ಆಸರೆಯಾದ ಸಂಸ್ಥೆಯನ್ನು ಕಟ್ಟಿದವರ ಸ್ವಂತ ಲಾಬಿಯೂ ಅದೇ ದಾರಿ ಹಿಡಿಯಿತು. ಹೊಸ ಒಕುರಾದಲ್ಲಿ ಅದನ್ನು ಮತ್ತೆ ರೂಪಿಸಿದ್ದು ಅವರ ಮಗ ಯೊಶಿಯೊ ತಾನಿಗುಚಿ. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯವನ್ನು 2004ರಲ್ಲಿ ವಿಸ್ತರಿಸಿ ಕಟ್ಟಿದವರು. ತಂದೆಯ ಕೆಲಸವನ್ನು ಮುಟ್ಟಲು ಇದಕ್ಕಿಂತ ಅರ್ಹ ಕೈ ಸಿಗುವುದು ಕಷ್ಟ.

ಮರುಸೃಷ್ಟಿಯನ್ನು ಸಮರ್ಥಿಸುವವರು ತಪ್ಪದೆ ಎತ್ತುವ ಹೆಸರು ಇಸೆ. ಇಸೆಯ ಶಿಂಟೊ ದೇಗುಲವನ್ನು 20 ವರ್ಷಕ್ಕೊಮ್ಮೆ ಪಕ್ಕದ ನಿವೇಶನದಲ್ಲಿ ಹೊಸ ಮರದಿಂದ ಹಾಗೆಯೇ ಕಟ್ಟಿ, ಹಳೆಯದನ್ನು ಬಿಚ್ಚುತ್ತಾರೆ. ಹಿಂದಿನ ಬಾರಿ ಅದು ಆದದ್ದು 2013ರಲ್ಲಿ. ಮರ ಹೊಸದು, ದೇಗುಲ ಸಾವಿರ ವರ್ಷಕ್ಕೂ ಹಳೆಯದು. ಹಾಗಾಗಿ ಜಪಾನಿಗೆ ಮೂಲ ಮತ್ತು ನಕಲಿನ ಗೊಡವೆ ಇಲ್ಲ, ಅದು ಯೂರೋಪಿನವರ ಚಿಂತೆ ಎಂಬ ವಾದ. ಕೇಳಲು ಚೆಂದ. ಆದರೆ ಇಸೆಯಲ್ಲಿ ಮತ್ತೆ ಕಟ್ಟುವುದು ಅದೇ ಅಳತೆಗೆ, ಅದೇ ಉದ್ದೇಶಕ್ಕೆ. ಕಟ್ಟಿದ ಮೇಲೆ ದೇವರಿಗೆ ಒಂದು ಮಹಡಿಯೂ ಹೆಚ್ಚು ಸಿಗುವುದಿಲ್ಲ. ಒಕುರಾದಲ್ಲಿ ಕೆಡವಿದ್ದೇ ಮಹಡಿಗಳಿಗಾಗಿ. ಲಾಬಿಯ ಪುನರ್ಜನ್ಮ ಅದರ ಜೊತೆ ಬಂದ ಸಾಂತ್ವನ. ಇಸೆಯ ಹೆಸರು ಹೇಳಿ ಯಾವ ಕಟ್ಟಡವನ್ನಾದರೂ ಕೆಡವಬಹುದು ಎಂದಾದರೆ ಟೋಕಿಯೊದಲ್ಲಿ ಉಳಿಯುವಂಥದ್ದು ಯಾವುದೂ ಇರುವುದಿಲ್ಲ.

ಇಸೆಯ ಹೋಲಿಕೆ ಒಂದು ಕಡೆ ಮಾತ್ರ ಒಪ್ಪುತ್ತದೆ. ಅಲ್ಲಿ 20 ವರ್ಷದ ಸುತ್ತು ಇರುವುದರಿಂದ ಬಡಗಿಗಳ ಒಂದು ತಲೆಮಾರು ಇನ್ನೊಂದಕ್ಕೆ ಕೈಕಲಿಸುತ್ತದೆ. ಒಕುರಾದ ಲಾಬಿಗೂ ನೇಯ್ಗೆಯವರು, ಜಾಲಂಧ್ರ ಹೆಣೆಯುವವರು, ಮೆರುಗು ಕೊಡುವವರು ಮತ್ತೆ ಬೇಕಾದರು. ಹಾಗೆ ನೋಡಿದರೆ ಇದು ಬರೀ ಸುಳ್ಳು ಸಮಾಧಾನವಲ್ಲ. ಪ್ಲಾಸ್ಟರ್ ಒತ್ತಿ ಮಾಡಿದ ನಾಟಕದ ಸೆಟ್ ಅಲ್ಲ. ಇಷ್ಟು ಶ್ರದ್ಧೆಯ ನಕಲನ್ನು ಬೇರೆ ಯಾವ ಹೋಟೆಲ್ ಮಾಡಿದ್ದೂ ನನಗೆ ಗೊತ್ತಿಲ್ಲ. ನನಗೆ ಕಾಡುವುದು ಇದರಿಂದ ಬೇರೆಯವರು ಕಲಿಯುವ ಪಾಠ: ಮುಂದೆ ಕಟ್ಟಿಕೊಡುತ್ತೇವೆ ಎಂದು ಮಾತು ಕೊಟ್ಟರೆ ಸಾಕು, ಈಗ ಕೆಡವಬಹುದು. ಮಾತು ಕೊಟ್ಟವರೆಲ್ಲ ಒಕುರಾ ಆಗಿರುವುದಿಲ್ಲ, ಎಲ್ಲರಿಗೂ ಅಂಥ ಮಗ ಇರುವುದಿಲ್ಲ.

ಈಗ ಮಾರುಕಟ್ಟೆ ಮತ್ತು ಕಾನೂನಿನ ವಿಷಯಕ್ಕೆ ಬರೋಣ. ಹೋಟೆಲ್ ಉದ್ಯಮದಲ್ಲಿ ಒಳಾಂಗಣವೆಂದರೆ ಸವೆಯುವ ವಸ್ತು. ಪರದೆ, ಮೆತ್ತೆ, ಕಾರ್ಪೆಟ್ ಆರೇಳು ವರ್ಷಕ್ಕೊಮ್ಮೆ, ದೊಡ್ಡ ನವೀಕರಣ ಹನ್ನೆರಡು-ಹದಿನೈದು ವರ್ಷಕ್ಕೊಮ್ಮೆ ಎಂಬುದು ಸಾಮಾನ್ಯ ರೂಢಿ. ಅದಕ್ಕೆಂದು ಪ್ರತಿವರ್ಷ ವರಮಾನದಲ್ಲಿ ಶೇ 4ರ ಆಸುಪಾಸು ಎತ್ತಿಡುತ್ತಾರೆ. ಈ ಚಕ್ರದಲ್ಲಿ ಕಲೆ ಸಿಕ್ಕಿಕೊಂಡರೆ ಏನಾಗುತ್ತದೆ? ಅದು ಚೌಕಟ್ಟಿನ ಚಿತ್ರವಾಗಿದ್ದರೆ ಬದುಕುತ್ತದೆ. ಇಳಿಸಬಹುದು, ವಿಮೆ ಮಾಡಿಸಬಹುದು, ಹರಾಜಿಗಿಡಬಹುದು. ಗೋಡೆಗೇ ಬರೆದ ಚಿತ್ರ, ಚಾವಣಿಯೇ ಆದ ಶಿಲ್ಪ, ಒಂದಿಡೀ ಹಜಾರದ ಅಳತೆ ಇವಕ್ಕೆ ಗೋಡೆಯಿಂದ ಬೇರೆಯಾದ ಬೆಲೆಯಿಲ್ಲ. ಮಾರಲಾಗದ್ದನ್ನು ಮಾರುಕಟ್ಟೆ ಯಾಕೆ ಕಾಪಾಡೀತು?

ಕಾನೂನು ಕಾಪಾಡುವ ಊರುಗಳೂ ಇವೆ. ನ್ಯೂಯಾರ್ಕ್ 1965ರಲ್ಲಿ ಪಾರಂಪರಿಕ ಕಟ್ಟಡಗಳ ಕಾನೂನು ಮಾಡಿ, 1973ರಲ್ಲಿ ಅದನ್ನು ಒಳಾಂಗಣಕ್ಕೂ ಹಿಗ್ಗಿಸಿತು. ಮುಖ್ಯ ಷರತ್ತು: ಆ ಒಳಾಂಗಣ ಸಾರ್ವಜನಿಕರು ಹೋಗಿಬರುವ ಜಾಗವಾಗಿರಬೇಕು. ಈ ಷರತ್ತು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಖಾಸಗಿ ಮಲಗುವ ಕೋಣೆಯನ್ನು ನಗರ ಮುಟ್ಟುವುದಿಲ್ಲ. ಹತ್ತು ಜನ ನಡೆದಾಡುವ ಹಜಾರದಲ್ಲಿ ನಗರಕ್ಕೂ ಒಂದು ಪಾಲು ಇದೆ ಎನ್ನುತ್ತದೆ. 1931ರ ವಾಲ್ಡಾರ್ಫ್ ಆಸ್ಟೋರಿಯಾ ಹೋಟೆಲನ್ನು ಚೀನಾದ ವಿಮಾ ಕಂಪನಿಯೊಂದು 195 ಕೋಟಿ ಡಾಲರಿಗೆ ಕೊಂಡು, ಸುಮಾರು 1,400 ಕೋಣೆಗಳಲ್ಲಿ ಬಹುಪಾಲನ್ನು ಮಾರಾಟದ ಮನೆಗಳಾಗಿ ಮಾಡಲು ಹೊರಟಾಗ, 2017ರಲ್ಲಿ ಅದರ ಲಾಬಿ, ನೃತ್ಯದ ಹಾಲ್ ಮೊದಲಾದವಕ್ಕೆ ಈ ರಕ್ಷಣೆ ಸಿಕ್ಕಿತು. ಕೋಣೆಗಳು 375ಕ್ಕೆ ಇಳಿದವು. ಆದರೆ ಲೂಯಿ ರಿಗಾಲ್ ಎಂಬ ಫ್ರೆಂಚ್ ಕಲಾವಿದ ನೆಲದ ಮೇಲೆ ಹರಳು ಹರಳಾಗಿ ಜೋಡಿಸಿದ ‘ಬದುಕಿನ ಚಕ್ರ’ ಅಲ್ಲೇ ಉಳಿಯಿತು. ಎಂಟು ವರ್ಷ ಮುಚ್ಚಿದ್ದ ಹೋಟೆಲ್ 2025ರಲ್ಲಿ ತೆರೆದಾಗ ಅದನ್ನು ತುಳಿದೇ ಜನ ಒಳಗೆ ಹೋದರು.

ಅದೇ ಕಾನೂನು ಅದೇ ನಗರದಲ್ಲಿ ಎಲ್ಲಿ ಸೋಲುತ್ತದೆ ನೋಡಿ. ಸೀಗ್ರಾಮ್ ಕಟ್ಟಡದ ಫೋರ್ ಸೀಸನ್ಸ್ ರೆಸ್ಟೋರೆಂಟ್ 1959ರಲ್ಲಿ ವಾಸ್ತುಶಿಲ್ಪಿ ಫಿಲಿಪ್ ಜಾನ್ಸನ್ ರೂಪಿಸಿದ್ದು; 1989ರಿಂದ ಅದರ ಒಳಾಂಗಣಕ್ಕೆ ರಕ್ಷಣೆಯಿತ್ತು. ಅಲ್ಲಿ ತೂಗುತ್ತಿದ್ದ, ಪಿಕಾಸೊ 1919ರಲ್ಲಿ ಬ್ಯಾಲೆಗೆಂದು ಬರೆದ ದೊಡ್ಡ ಪರದೆ ಮಾತ್ರ ಆ ರಕ್ಷಣೆಯ ಹೊರಗೆ, ಯಾಕೆಂದರೆ ಅದನ್ನು ಸುತ್ತಿ ಎತ್ತಬಹುದು. 2014ರಲ್ಲಿ ಕಟ್ಟಡದ ಮಾಲೀಕರು ಎತ್ತಿಸಿದರು. 2016ರಲ್ಲಿ ಮೇಜು-ಕುರ್ಚಿ, ಪಾತ್ರೆ ಪಡಗ ಹರಾಜಾದವು. ಗೋಡೆಗಳು ಕಾನೂನಿನ ಕಾವಲಲ್ಲಿ ಭದ್ರವಾಗಿ ನಿಂತಿದ್ದವು.

ಮನೆ ಪಾಲಾಗುವಾಗ ಒಲೆ ಅಣ್ಣನಿಗೆ, ಪಾತ್ರೆ ತಮ್ಮನಿಗೆ ಹಂಚಿ ಇಬ್ಬರೂ ನ್ಯಾಯವಾಯಿತು ಎಂದುಕೊಂಡ ಹಾಗೆ ಇದು. ಚಲಿಸುವುದನ್ನು ಮಾರುಕಟ್ಟೆ ಉಳಿಸುತ್ತದೆ, ಚಲಿಸದ್ದನ್ನು ಕಾನೂನು ಇದ್ದ ಕಡೆ ಕಾನೂನು ಉಳಿಸುತ್ತದೆ. ಒಳಾಂಗಣವೆಂಬುದು ಈ ಎರಡರ ನಡುವಿನ ನಂಟು, ಅದಕ್ಕೆ ವಾರಸುದಾರರಿಲ್ಲ. ಕೋಪನ್‌ಹೇಗನ್ನಿನಲ್ಲಿ ವಾಸ್ತುಶಿಲ್ಪಿ ಆರ್ನೆ ಯಾಕೋಬ್ಸನ್ 1960ರ ಎಸ್‌ಎಎಸ್ ರಾಯಲ್ ಹೋಟೆಲಿಗೆ ಕಟ್ಟಡದಿಂದ ಹಿಡಿದು ಬಾಗಿಲ ಹಿಡಿಕೆ, ಚಮಚದವರೆಗೆ ಎಲ್ಲವನ್ನೂ ತಾನೇ ರೂಪಿಸಿದ. ಅಲ್ಲಿಗೆಂದು ಮಾಡಿದ ಮೊಟ್ಟೆಯಾಕಾರದ ಕುರ್ಚಿ ಇವತ್ತು ಜಗತ್ತಿನ ವಿಮಾನ ನಿಲ್ದಾಣಗಳಲ್ಲೆಲ್ಲ ಕಾಣುತ್ತದೆ. ಹೋಟೆಲಿನೊಳಗೆ ಅವನು ಮಾಡಿದಂತೆ ಉಳಿದಿರುವುದು 606 ಎಂಬ ಒಂದೇ ಕೋಣೆ.

ನಮ್ಮ ದೇಶದಲ್ಲಿ ಈ ಪ್ರಶ್ನೆ ನ್ಯಾಯಾಲಯದವರೆಗೂ ಹೋಗಿದೆ, ಹೋಟೆಲಿನ ಕಾರಣಕ್ಕಲ್ಲದಿದ್ದರೂ. ದೆಹಲಿಯ ವಿಜ್ಞಾನ ಭವನದ ಮೊಗಸಾಲೆಗೆ 1957ರಲ್ಲಿ ಸರ್ಕಾರ ಶಿಲ್ಪಿ ಅಮರನಾಥ್ ಸೆಹಗಲ್ ಅವರಿಂದ ಒಂದು ಕಂಚಿನ ಭಿತ್ತಿಶಿಲ್ಪ ಮಾಡಿಸಿತು. 140 ಅಡಿ ಉದ್ದ, 40 ಅಡಿ ಎತ್ತರ. 1979ರಲ್ಲಿ ನವೀಕರಣದ ನೆಪದಲ್ಲಿ ಅದನ್ನು ಕಿತ್ತು ಉಗ್ರಾಣಕ್ಕೆ ಎಸೆದರು. ಕಲಾವಿದನಿಗೆ ಹೇಳುವ ಸೌಜನ್ಯವೂ ಇರಲಿಲ್ಲ. ಅವರು 1992ರಲ್ಲಿ ದಾವೆ ಹೂಡಿದರು, 2005ರಲ್ಲಿ ದೆಹಲಿ ಹೈಕೋರ್ಟ್ ತೀರ್ಪು ಕೊಟ್ಟಿತು: ಕೃತಿಸ್ವಾಮ್ಯ ಕಾಯಿದೆಯ 57ನೇ ಕಲಮಿನ ಪ್ರಕಾರ ಕೃತಿ ಮಾರಿದ ಮೇಲೂ ಅದರ ಗೌರವದ ಹಕ್ಕು ಕರ್ತೃವಿನದೇ, ಅಳಿದುಳಿದ ತುಂಡುಗಳನ್ನು ಅವರಿಗೆ ಹಿಂತಿರುಗಿಸಿ, 5 ಲಕ್ಷ ರೂಪಾಯಿ ಪರಿಹಾರ ಕೊಡಿ. ನಮ್ಮ ನ್ಯಾಯಾಂಗ ಹೆಮ್ಮೆಪಡಬಹುದಾದ ತೀರ್ಪು. ಹದಿನಾಲ್ಕು ವರ್ಷದ ಮೇಲೆ ಅದೇ ಹೈಕೋರ್ಟು ವಾಸ್ತುಶಿಲ್ಪಿ ರಾಜ್ ರೇವಾಲ್ ಅವರ ದಾವೆಗೆ ತೀರ್ಪು ಕೊಟ್ಟಿತು. ಪ್ರಗತಿ ಮೈದಾನದಲ್ಲಿ ಅವರು 1972ರಲ್ಲಿ ಕಟ್ಟಿದ ಹಾಲ್ ಆಫ್ ನೇಷನ್ಸ್ ಅನ್ನು 2017ರ ಏಪ್ರಿಲ್‌ನಲ್ಲಿ ಕೆಡವಿದ್ದರು. ಈ ಸಲ ಕೋರ್ಟು ಜಾಗದ ಒಡೆಯನ ಹಕ್ಕನ್ನು ಮೇಲಿಟ್ಟಿತು. ಪೂರ್ತಿ ಕೆಡವಿದ ಮೇಲೆ ಕರ್ತೃವಿನ ಹೆಸರಿಗೆ ಕುಂದು ತರುವಂತೆ ಕಣ್ಣಿಗೆ ಬೀಳುವುದೇನೂ ಉಳಿಯುವುದಿಲ್ಲ ಎಂಬುದು ತರ್ಕದ ಒಂದು ಎಳೆ. ಎರಡೂ ತೀರ್ಪುಗಳನ್ನು ಪಕ್ಕಪಕ್ಕ ಇಟ್ಟು ಓದಿದ ಹೋಟೆಲ್ ಮಾಲೀಕನಿಗೆ ಹೊಳೆಯುವುದೇನು? ಭಿತ್ತಿಚಿತ್ರವನ್ನು ಊನ ಮಾಡಿದರೆ ಅಪಾಯ. ಗೋಡೆ ಸಮೇತ ಇಡೀ ಕಟ್ಟಡವನ್ನು ಇಲ್ಲವಾಗಿಸಿದರೆ ನಿಶ್ಚಿಂತೆ.

ಹೀಗೆ ಹೇಳುವಾಗ ನನ್ನ ಮನಸ್ಸಿನಲ್ಲಿರುವುದು ದೆಹಲಿಯ ಐಟಿಸಿ ಮೌರ್ಯ ಹೋಟೆಲಿನ ಚಾವಣಿ. 1980ರ ದಶಕದ ಮೊದಲ ವರ್ಷಗಳಲ್ಲಿ ಚಿತ್ರಕಲಾವಿದ ಕೃಷೆನ್ ಖನ್ನಾ ಅಲ್ಲಿಯ ಲಾಬಿಯ ಗುಮ್ಮಟದ ತುಂಬ ‘ಮಹಾ ಮೆರವಣಿಗೆ’ ಎಂಬ ಚಿತ್ರಮಾಲೆ ಬರೆದರು. ಬೌದ್ಧ ಚೈತ್ಯದ ನೆನಪು ತರುವ ಚಾವಣಿ, ಅದರ ಅಂಕಣ ಅಂಕಣದಲ್ಲೂ ಚಿತ್ರ. ಬುದ್ಧನ ಕಾಲದ ಕತೆಗಳ ನಡುವೆ ನಮ್ಮ ಕಾಲದ ಬೀದಿ ನುಗ್ಗುತ್ತದೆ: ಢಾಬಾ, ಕೂಲಿ ಜನ, ನಾಯಿ. ಐದು ನಕ್ಷತ್ರದ ಹೋಟೆಲಿನ ನೆತ್ತಿಯ ಮೇಲೆ, ಒಳಗೆ ಬರಲು ಧೈರ್ಯ ಮಾಡದವರ ಮೆರವಣಿಗೆ. 1925ರಲ್ಲಿ ಹುಟ್ಟಿದ ಖನ್ನಾ ಅವರು ಹುಸೇನ್, ರಜಾ ಇವರ ಸಂಗಾತಿ. ಅವರ ಕ್ಯಾನ್‌ವಾಸುಗಳು ದೊಡ್ಡ ಮೊತ್ತಕ್ಕೆ ಮಾರಾಟವಾಗುತ್ತವೆ. ಈ ಗುಮ್ಮಟವನ್ನು ಯಾವ ಹರಾಜಿನ ಮನೆಯೂ ಮಾರಲಾರದು. ಹೋಟೆಲಿನವರು ಅದನ್ನು ಅಕ್ಕರೆಯಿಂದ ಕಾಪಾಡಿಕೊಂಡು ಬಂದಿದ್ದಾರೆ, ತಮ್ಮ ಹೆಮ್ಮೆಯೆಂದು ತೋರಿಸುತ್ತಾರೆ. ಆ ಬಗ್ಗೆ ದೂರಿಲ್ಲ. ಆದರೆ ಕಾವಲಿಗೆ ಇರುವುದು ಆ ಅಕ್ಕರೆಯೊಂದೇ. ರಾಷ್ಟ್ರೀಯ ಸ್ಮಾರಕವಾಗಲು ನಮ್ಮಲ್ಲಿ 100 ವರ್ಷ ಬೇಕು. ದೆಹಲಿಯ ಪಾರಂಪರಿಕ ಸಮಿತಿ ಹಾಲ್ ಆಫ್ ನೇಷನ್ಸ್ ವಿಷಯದಲ್ಲಿ 60 ವರ್ಷದ ಗೆರೆ ಎಳೆದಿತ್ತು. ಮೌರ್ಯಕ್ಕೆ ಅಷ್ಟು ತುಂಬಲು ಇನ್ನೂ ಹತ್ತು ವರ್ಷಕ್ಕೂ ಹೆಚ್ಚು ಬೇಕು.

ಮುಂಬೈಯ ತಾಜ್ ಇದಕ್ಕೆ ಇನ್ನೊಂದು ಮಗ್ಗುಲು. 1903ರ ಕಟ್ಟಡ, ಹುಸೇನ್, ಗಾಯ್ತೊಂಡೆ, ರಾಮ್ ಕುಮಾರ್ ಇನ್ನೂ ಅಗ್ಗದಲ್ಲಿ ಸಿಗುತ್ತಿದ್ದ ಕಾಲದಲ್ಲಿ ಅವರ ಚಿತ್ರಗಳನ್ನು ಕೊಂಡು ಗೋಡೆಗೇರಿಸಿದ ಹೋಟೆಲ್. 2008ರ ನವೆಂಬರ್ ದಾಳಿಯಲ್ಲಿ ಹಳೆಯ ಭಾಗಕ್ಕೆ ಬೆಂಕಿ ಬಿದ್ದಾಗ, ಇದ್ದಂತೆಯೇ ಎದ್ದು ನಿಲ್ಲಬೇಕು ಎಂಬುದರಲ್ಲಿ ಯಾರಿಗೂ ಎರಡು ಮಾತಿರಲಿಲ್ಲ. 2010ರ ಆಗಸ್ಟ್ 15ರಂದು ಅದು ಮತ್ತೆ ತೆರೆಯಿತು. ಶತ್ರು ಸುಟ್ಟದ್ದನ್ನು ಕೂದಲೆಳೆಯಷ್ಟೂ ಬಿಡದೆ ಮರಳಿ ತರುತ್ತೇವೆ. ಅದೇ ಗೋಡೆಯನ್ನು ಮಾಲೀಕನೇ ಒಡೆದರೆ ಅಭಿವೃದ್ಧಿ ಎಂದು ಸುಮ್ಮನಾಗುತ್ತೇವೆ. ಕಳೆದುಕೊಂಡದ್ದು ಎರಡೂ ಕಡೆ ಒಂದೇ ಅಲ್ಲವೆ?

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಏಳಬೇಕು ಕೂಡ. ರಾತ್ರಿಗೆ ಸಾವಿರಾರು ರೂಪಾಯಿ ಕೊಡುವವರ ಹಜಾರದ ಅಂದಚೆಂದ ಕಟ್ಟಿಕೊಂಡು ನಮಗೇನಾಗಬೇಕು? ಊರ ಶಾಲೆಯ ಚಾವಣಿ ಸೋರುತ್ತಿರುವಾಗ ತಾರಾ ಹೋಟೆಲಿನ ಚಾವಣಿಗೆ ಕಣ್ಣೀರೇ? ಈ ಪ್ರಶ್ನೆಯನ್ನು ನಾನು ಹಗುರಾಗಿ ತೆಗೆದುಕೊಳ್ಳುವುದಿಲ್ಲ. ಆದರೆ ಹಳೆಯ ಕಾಲದ ಯಾವ ಕಲೆಯನ್ನು ನಾವು ನಮ್ಮದೆಂದು ಎದೆಗೊತ್ತಿಕೊಳ್ಳುತ್ತೇವೋ ಅದರಲ್ಲಿ ಬಹಳಷ್ಟು ಉಳ್ಳವರ ಹಣದಲ್ಲೇ ಆದದ್ದು. ಅರಸರು ಹೋದ ಮೇಲೆ, ಸ್ವಾತಂತ್ರ್ಯಾನಂತರದ ಮೊದಲ ದಶಕಗಳಲ್ಲಿ ಭಾರತದ ಕಲಾವಿದನಿಗೆ ಒಂದು ದೊಡ್ಡ ಗೋಡೆ ಕೊಡಬಲ್ಲವರು ಮೂರು-ನಾಲ್ಕೇ ಜನ: ಸರ್ಕಾರ, ಏರ್ ಇಂಡಿಯಾ, ಟಾಟಾ-ಭಾಭಾ ತರಹದ ಸಂಸ್ಥೆಗಳು, ದೊಡ್ಡ ಹೋಟೆಲುಗಳು. ಖನ್ನಾ ಅವರಿಗೆ ಗುಮ್ಮಟ ಕೊಟ್ಟದ್ದು ಹೋಟೆಲ್. ಶಿಲ್ಪಿ ಮೀರಾ ಮುಖರ್ಜಿಯವರ ಕಳಿಂಗದ ಅಶೋಕ ನಿಂತಿರುವುದೂ ಅದೇ ಹೋಟೆಲಿನ ತೋಟದಲ್ಲಿ. ಆ ಕಾಲದ ಭಾರತೀಯ ಕಲೆಯ ಚರಿತ್ರೆ ಬರೆಯುವವನು ಇವನ್ನು ಬಿಟ್ಟು ಬರೆಯಲಾರ.

ಇನ್ನೊಂದು ಮಾತು. ಹೋಟೆಲಿನಲ್ಲಿ ಕೋಣೆ ಹಿಡಿಯಲಾಗದವನೂ ಕೂರಬಹುದಾದ ಜಾಗ ಲಾಬಿ. ಟೋಕಿಯೊದಲ್ಲಿ ಒಂದು ಕಾಫಿಯ ಬೆಲೆಗೆ, ಅದೂ ಇಲ್ಲದೆ, ಗಂಟೆಗಟ್ಟಲೆ ಆ ಪ್ಲಮ್ ಹೂವಿನ ಕುರ್ಚಿಗಳಲ್ಲಿ ಕೂತವರಿದ್ದರು. 2015ರಲ್ಲಿ ಗೋಳಾಡಿದವರಲ್ಲಿ ಅಂಥವರೂ ಇದ್ದರು. ನಮ್ಮಲ್ಲಿ 2008ರ ದಾಳಿಯ ನಂತರ ದೊಡ್ಡ ಹೋಟೆಲುಗಳ ಬಾಗಿಲಲ್ಲಿ ಸ್ಕ್ಯಾನರ್, ಬ್ಯಾಗಿನ ತಪಾಸಣೆ, ಕಾರಿನ ಕೆಳಗೆ ಕನ್ನಡಿ ಬಂದವು. ಭದ್ರತೆ ಬೇಕು, ಸರಿ. ಜೊತೆಗೆ ಆಟೊದಲ್ಲಿ ಇಳಿದವನನ್ನು ಮೇಲಿಂದ ಕೆಳಗೆ ಅಳೆಯುವ ಕಣ್ಣೂ ಬಂತು. ಜನ ಒಳಗೆ ಹೋಗುವುದು ಕಡಿಮೆಯಾದಷ್ಟೂ, ಒಳಗಿನದನ್ನು ಕೆಡವಿದರೆ ಕೇಳುವವರೂ ಕಡಿಮೆ. ನ್ಯೂಯಾರ್ಕಿನ ಕಾನೂನು ಸಾರ್ವಜನಿಕ ಪ್ರವೇಶವನ್ನೇ ಮೊದಲ ಷರತ್ತಾಗಿ ಮಾಡಿದ್ದರ ಜಾಣತನ ಇಲ್ಲಿದೆ.

ಹಾಗೆಂದು ಹೋಟೆಲನ್ನು ಮ್ಯೂಸಿಯಂ ಮಾಡಿ ಬೀಗ ಹಾಕಬೇಕೆಂದು ನಾನು ಹೇಳುತ್ತಿಲ್ಲ. 606ನೇ ಕೋಣೆಯಂಥ ಉಳಿಕೆ ನನಗೆ ಅಷ್ಟೇನೂ ಹಿಡಿಸುವುದಿಲ್ಲ. ಉಳಿದ ಕಟ್ಟಡಕ್ಕೆ ಮಾಡಿದ್ದಕ್ಕೆ ಪ್ರಾಯಶ್ಚಿತ್ತದಂತೆ ಕಾಣುತ್ತದೆ. ಕೋಣೆಗಳು ಬದಲಾಗಲಿ, ಬಚ್ಚಲು ದೊಡ್ಡದಾಗಲಿ, ತಂತಿ-ಕೊಳವೆ ಹೊಸದಾಗಲಿ. ಕಲಾವಿದರು ಸೇರಿ ಮಾಡಿದ ಸಾರ್ವಜನಿಕ ಹಜಾರಕ್ಕೆ ಮಾತ್ರ ಬೇರೆ ನಿಯಮ ಇರಲಿ. ಕೆಡವಲು ಪರವಾನಗಿ ಕೇಳುವ ಮೊದಲು ಕಲಾವಿದನಿಗೆ, ಅವನಿಲ್ಲದಿದ್ದರೆ ವಾರಸುದಾರರಿಗೆ ನೋಟಿಸು ಹೋಗಬೇಕು. ಒಳಾಂಗಣದ ಪೂರ್ತಿ ಅಳತೆ, ಚಿತ್ರ, ಬೆಳಕಿನ ದಾಖಲೆ ಯಾವುದಾದರೂ ಸಾರ್ವಜನಿಕ ಸಂಗ್ರಹಕ್ಕೆ ಸಲ್ಲಬೇಕು. ಉಳಿಸಿಕೊಂಡೇ ಮಾಡುವ ಯೋಜನೆಯೊಂದನ್ನು ಪ್ರಾಮಾಣಿಕವಾಗಿ ಲೆಕ್ಕ ಹಾಕಿದ್ದೀರಾ ಎಂದು ಕೇಳಬೇಕು. ಗೋಡೆ ಬಿಚ್ಚಲೇಬೇಕಾದರೆ, ಬಿಚ್ಚುವ ಖರ್ಚು ಕೆಡವುವವನದೇ. ಇದಕ್ಕೆ ಪ್ರತಿಯಾಗಿ, ಹಜಾರ ಉಳಿಸಿಕೊಂಡವನಿಗೆ ಇನ್ನೊಂದು ಕಡೆ ಮಹಡಿ ಏರಿಸಲು ಹೆಚ್ಚಿನ ಅವಕಾಶ ಕೊಡಬಹುದು. ಮಹಡಿಯ ಆಸೆಗೇ ಕೆಡವುವುದಾದರೆ, ಮಹಡಿಯ ಆಸೆಯಿಂದಲೇ ಉಳಿಸುವಂತೆಯೂ ಮಾಡಬಹುದಲ್ಲ.

ಖಾಸಗಿಯವರಿಗೆ ಹೇಳುವ ಮೊದಲು ಸರ್ಕಾರ ತನ್ನ ಕೈಯಲ್ಲಿರುವುದರಿಂದ ಶುರು ಮಾಡಬೇಕು. ಮೈಸೂರಿನ ಲಲಿತಮಹಲ್ ಅಂಥದ್ದು. ಇ. ಡಬ್ಲ್ಯು. ಫ್ರಿಚ್ಲಿ ವಿನ್ಯಾಸದ, 1921ರಲ್ಲಿ ನಾಲ್ವಡಿಯವರು ವೈಸರಾಯ್ ಅತಿಥಿಗಳಿಗೆಂದು ಅಡಿಗಲ್ಲು ಹಾಕಿದ ಅರಮನೆ, 1974ರಲ್ಲಿ ಹೋಟೆಲಾಯಿತು. ನೃತ್ಯದ ಹಾಲ್ ಊಟದ ಹಾಲ್ ಆಯಿತು, ಬಣ್ಣದ ಗಾಜಿನ ಗುಮ್ಮಟಗಳು ತಲೆಯ ಮೇಲೆ ಹಾಗೇ ಉಳಿದವು. ಬಳಕೆ ಬದಲಾದರೂ ಒಳಾಂಗಣ ಬದುಕಬಹುದು ಎಂಬುದಕ್ಕೆ ಅದು ಒಳ್ಳೆಯ ಉದಾಹರಣೆ. ಕೇಂದ್ರದ ಪ್ರವಾಸೋದ್ಯಮ ನಿಗಮದ ಕೈಯಿಂದ ಅದು ರಾಜ್ಯಕ್ಕೆ ಬಂತು, ಈಗ ಅದನ್ನು ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ನೋಡಿಕೊಳ್ಳುತ್ತಿದೆ. ನಾಳೆ ಯಾವುದೇ ಸರ್ಕಾರ ಅದನ್ನು ಖಾಸಗಿಯವರಿಗೆ ವಹಿಸಿ ನವೀಕರಿಸಲು ಹೊರಡಬಹುದು, ಅದರಲ್ಲಿ ತಪ್ಪೂ ಇಲ್ಲ. ಅಮೃತಶಿಲೆಯ ಮೆಟ್ಟಿಲು, ಗಾಜು, ಗಾರೆಯ ಹೂಬಳ್ಳಿ, ಒಡೆಯರ ಆಳೆತ್ತರದ ಚಿತ್ರಪಟಗಳು, ಆ ಕಾಲದ ಮೇಜು-ಕುರ್ಚಿ, ಯಾವುದು ಯಾವ ಹಾಲಿನಲ್ಲಿ ಎಲ್ಲಿತ್ತು ಎಂಬುದರವರೆಗೆ ಒಂದು ಪಟ್ಟಿ ಒಪ್ಪಂದದ ಭಾಗವಾಗಿರಬೇಕು. ಆ ಪಟ್ಟಿ ಟೆಂಡರ್ ಕರೆಯುವ ಮೊದಲೇ ಸಿದ್ಧವಾಗಬೇಕು. ಕರೆದ ಮೇಲೆ ಮಾಡಿದರೆ ಅದನ್ನು ಗುತ್ತಿಗೆ ಹಿಡಿದವನೇ ಬರೆಯುತ್ತಾನೆ.